ಉಂಡು ಏಳದ ಅತಿಥಿ

ಆ ಭಾನುವಾರ ಸೆಂಟ್ರಲ್ ಲೈನಿನಲ್ಲಿ ಹಳಿ ರಿಪೇರಿಯ ಮೆಗಾಬ್ಲಾಕ್ ಇರಬಹುದಿತ್ತು. ಇದ್ದರೆ ನಮ್ಮಲ್ಲಿಗೆ ಊಟಕ್ಕೆ ಬರುವವರು ಠಾಣೆ ಊರಿನ ಸ್ಟೇಷನ್ನಿನಲ್ಲಿ ಸಿಕ್ಕಿಹಾಕಿಕೊಂಡು, ಯಾವ ಗಾಡಿ ಎಲ್ಲಿ ನಿಲ್ಲುತ್ತದೆಂದು ತಿಳಿಯದೆ, ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗಬಹುದಿತ್ತು. ಗಾಡಿ ಸರಿಯಾಗಿ ಓಡಿದರೂ ಡೊಂಬಿವಲಿಯಲ್ಲಿ ಹತ್ತುವವರ ನೂಕುನುಗ್ಗಲಿಗೆ ಇಳಿಯಲಾಗದೆ ಕಲ್ಯಾಣಕ್ಕೆ ಹೋಗಿಬಿಡಬಹುದಿತ್ತು. ಇಳಿದರೂ ಪೂರ್ವದ ಬದಲು ಪಶ್ಚಿಮಕ್ಕೆ ಇಳಿದು, ಅಲ್ಲಿಯ ರಿಕ್ಷಾದವನ ಪಕ್ಕ ನಾಲ್ಕನೆಯ ಸವಾರಿಯಾಗಿ ಅರ್ಧ ಸೀಟಿನಲ್ಲಿ ಜೋತುಕೊಂಡು ಎಲ್ಲಿಗೋ ಹೋಗಬಹುದಿತ್ತು. ಲೋಡ್‌ಶೆಡ್ಡಿಂಗ್ ಆಗಿ ಫ್ಯಾನು ನಿಲ್ಲಬಹುದಿತ್ತು. ಟ್ಯಾಂಕಿಯ ನೀರು ಮುಗಿಯಬಹುದಿತ್ತು. ಗಾಳಿ ತಿರುಗಿ ಕಾರ್ಖಾನೆಗಳ ಕಡೆಯಿಂದ ಕೊಳೆತ ಮೊಟ್ಟೆಯ ವಾಸನೆ ಬರಬಹುದಿತ್ತು, ಮತ್ತು ಅದು ನಮ್ಮ ಅಡುಗೆಮನೆಯದ್ದೆಂದು ಅವರು ತಿಳಿಯಬಹುದಿತ್ತು. ಮೇಲಿನ ಮನೆಯವರು ಬಚ್ಚಲಿನ ಟೈಲ್ಸ್ ಒಡೆಸಲು ಅದೇ ದಿನವನ್ನು ಆರಿಸಬಹುದಿತ್ತು. ಮೀನಿನ ಮುಳ್ಳು ಗಂಟಲಿಗೆ ಸಿಕ್ಕಿ, ಸ್ಪೇನ್ ದೇಶದ ಒಬ್ಬ ಪ್ರಾಧ್ಯಾಪಕಿ ನಮ್ಮ ಒನ್ ರೂಮ್ ಕಿಚನ್ನಿನಲ್ಲಿ ಪ್ರಾಣ ಬಿಡಬಹುದಿತ್ತು. ಅಪ್ಪ ಅಭ್ಯಾಸಬಲದಿಂದ ಪಾರ್ಸೆಲ್ ಕಟ್ಟಲಾ ಎಂದು ಕೇಳಬಹುದಿತ್ತು. ಅಮ್ಮ ನಿಮಗೆ ಮದುವೆಯಾಗಿದೆಯಾ ಎನ್ನಬಹುದಿತ್ತು, ಇಲ್ಲವೆಂದರೆ ಯಾಕೆ ಎನ್ನಬಹುದಿತ್ತು, ಎರಡನ್ನೂ ನಾನೇ ಅನುವಾದ ಮಾಡಬೇಕಾಗಿ ಬರಬಹುದಿತ್ತು. ಕಟ್ಟಕಡೆಗೆ, ನನ್ನ ಸ್ಪ್ಯಾನಿಷ್ ನನ್ನದೇ ಮನೆಯ ಹೊಸ್ತಿಲಲ್ಲಿ ಚಪ್ಪಲಿಯ ಜೊತೆ ಹೊರಗೇ ಉಳಿದುಬಿಡಬಹುದಿತ್ತು.

ಇಷ್ಟನ್ನೂ ನಾನು ಹಿಂದಿನ ವಾರವಿಡೀ ಒಂದೊಂದಾಗಿ, ವಿವರವಾಗಿ ಯೋಚಿಸಿಟ್ಟಿದ್ದೆ. ಈಗ ಜನ ನನ್ನನ್ನು ಸ್ಪ್ಯಾನಿಷ್ ಪ್ರೊಫೆಸರ್ ಎನ್ನುತ್ತಾರೆ. ನಿಜದಲ್ಲಿ ಚಿಂತೆ ನನ್ನ ಕಸುಬು, ಸ್ಪ್ಯಾನಿಷ್ ಉಪಕಸುಬು. ಬರಲಿದ್ದವರು ರೊಸಾರಿಯೊ ಮೇಡಂ. ಸ್ಪೇನಿನ ವಾಯವ್ಯ ಮೂಲೆಯ ಕರಾವಳಿಯವರು, ಮುಂಬೈಯಲ್ಲಿ ಒಂದು ಸೆಮಿಸ್ಟರ್ ಕಲಿಸಲು ಬಂದಿದ್ದರು. ಹೋಗುವಾಗ ಇಲ್ಲಿಂದ ಒಬ್ಬರನ್ನು ತಮ್ಮ ಕೈಕೆಳಗೆ ಸಂಶೋಧನೆ ಮಾಡಲು ಆರಿಸಿಕೊಂಡು ಹೋಗುವವರಿದ್ದರು. ಆ ಒಬ್ಬರು ನಾನಾಗಬೇಕು ಎಂಬುದು ಆಗ ನನಗಿದ್ದ ಒಂದೇ ಆಸೆ. ಆಗದಿದ್ದರೆ ಐರೋಲಿಯ ಕಾಲ್ ಸೆಂಟರ್ ಇತ್ತು. ಅಲ್ಲಿ ನಾನು ಸೂಸಿ ಎಂಬ ಹೆಸರಿನಲ್ಲಿ, ಭೂಮಿಯ ಆಚೆ ಬದಿಯವರ ಕೆಟ್ಟ ಫ್ರಿಜ್ಜುಗಳ ಬಗ್ಗೆ ಸ್ಪ್ಯಾನಿಷಿನಲ್ಲಿ ಕ್ಷಮೆ ಕೇಳುತ್ತಿದ್ದೆ. ಮೇಡಂ ನನ್ನನ್ನು ಆರಿಸಿದರಷ್ಟೇ ಸಾಲದು, ಅಮ್ಮ ಕಳಿಸಲೂ ಬೇಕು. ಅಮ್ಮನ ಷರತ್ತು ಇಷ್ಟೇ:

"ಆ ಟೀಚರ್ ನಮ್ಮನಿಗ್ ಬರ್ಲಿ. ನನ್ ಕೈಯಗಿನ ಒಂದ್ ಊಟ ಉಣ್ಲಿ. ಕಂಡ್ಕಂಡ್ ಹೇಳ್ತೆ."

"ಊಟಕ್ಕೂ ಓದಿಗೂ ಎಂತ ಸಂಬಂಧ ಅಮ್ಮ?"

"ಉಂಬುದ್ ಕಂಡ್ರೆ ಸಾಕ್, ಮನ್ಷ್ರ್ ಎಂತವ್ರ್ ಅಂದೇಳಿ ಗೊತ್ತಾತ್ತ್. ಬಾಯಗ್ ಎಲ್ರೂ ಚಂದವೇ ಮಾತಾಡ್ತ್ರ್."

ಅಮ್ಮನದು ಕುಂದಾಪುರದ ಕನ್ನಡ. ಡೊಂಬಿವಲಿಯ ನೀರು, ಡೊಂಬಿವಲಿಯ ಧೂಳು, ಪಕ್ಕದ ಮನೆಯ ವಹಿನಿಯ ಮರಾಠಿ, ಯಾವುದೂ ಅದರ ಬಣ್ಣ ತೆಗೆಯಲಿಲ್ಲ. ಅಪ್ಪ ಮನೆಯಲ್ಲಿ ಕಡಿಮೆ ಮಾತು, ಹೊರಗೆ ಹಿಂದಿ. ತಂಗಿ ಪಲ್ಲವಿ ಇಲ್ಲೇ ಹುಟ್ಟಿದವಳು. ಅಮ್ಮ ಕನ್ನಡದಲ್ಲಿ ಬೈದರೆ ಅವಳು ಹಿಂದಿಯಲ್ಲಿ ತಿರುಗಿ ಬೈಯುತ್ತಿದ್ದಳು, ಜಗಳ ಇಬ್ಬರಿಗೂ ಚೆನ್ನಾಗಿ ಅರ್ಥವಾಗುತ್ತಿತ್ತು. ಎರಡು ಭಾಷೆಗಳ ನಡುವೆ ಕೂತು ಎರಡೂ ಕಡೆಯ ಸಿಟ್ಟನ್ನು ಸ್ವಲ್ಪ ನೀರು ಬೆರೆಸಿ ದಾಟಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಈಗ ವಿದ್ಯಾರ್ಥಿಗಳಿಗೆ ಅನುವಾದದ ಸಿದ್ಧಾಂತಗಳನ್ನು ಕಲಿಸುವಾಗ ಅನೇಕ ಸಲ ಅನ್ನಿಸಿದೆ, ಇದನ್ನೆಲ್ಲ ನಮ್ಮ ಅಡುಗೆಮನೆಯ ಬಾಗಿಲಿನಲ್ಲಿ ಒಂದು ವಾರ ನಿಲ್ಲಿಸಿ ಕಲಿಸಬಹುದಿತ್ತು ಎಂದು. ಆದರೆ ಅದಕ್ಕೆ ಕ್ರೆಡಿಟ್ ಕೊಡುವುದಿಲ್ಲ.

ನಮ್ಮ ಮನೆ ಮೂರನೆಯ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ. ಒಂದು ಕೋಣೆ, ಒಂದು ಅಡುಗೆಮನೆ, ಮಧ್ಯೆ ಬಾಗಿಲಿಲ್ಲದ ಬಾಗಿಲುವಾಡ. ಅಪ್ಪ ಠಾಣೆಯ ವರ್ತಕ ನಗರದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಮ್ಯಾನೇಜರ್. ಆ ಹೋಟೆಲಿಗೆ ಗ್ರಾನೈಟಿನ ಹೊಸ ಟೇಬಲ್ಲುಗಳು ಬಂದಾಗ ಹಳೆಯದೊಂದನ್ನು, ಬಿಳಿ ಅಮೃತಶಿಲೆಯ ಹಾಸು ಮತ್ತು ಎರಕದ ಕಬ್ಬಿಣದ ಕಾಲುಗಳಿದ್ದದ್ದನ್ನು, ಅಪ್ಪ ಟೆಂಪೋದಲ್ಲಿ ಮನೆಗೆ ತಂದರು. ಮಹಡಿ ಹತ್ತಿಸುವಾಗ ನಾಲ್ಕು ಜನ ಹಮಾಲರು ನಮ್ಮ ಕುಲವನ್ನೇ ಶಪಿಸಿದ್ದು ಇನ್ನೂ ಕಿವಿಯಲ್ಲಿದೆ. ಕೋಣೆಯ ಮೂರನೆಯ ಒಂದು ಭಾಗವನ್ನು ಆ ಟೇಬಲ್ಲು ನುಂಗಿತು. ಅದರ ಮೇಲೆ ನಾವು ಉಂಡೆವು, ಓದಿದೆವು, ಇಸ್ತ್ರಿ ಹಾಕಿದೆವು. ಚೌತಿಗೆ ಗಣಪತಿ ಅದರ ಮೇಲೇ ಕೂರುತ್ತಿದ್ದ. ರಾತ್ರಿ ಪಲ್ಲವಿ ಅದರ ಕೆಳಗೆ ಮಲಗುತ್ತಿದ್ದಳು. ಟೇಬಲ್ಲಿನ ಜೊತೆಗೆ ಹೋಟೆಲಿನ ಕಾನೂನುಗಳೂ ಮನೆಗೆ ಬಂದವು. ಮೊದಲು ನೀರು ಇಡಬೇಕು. ಉಣ್ಣುವಾಗ ಮಾತಿಲ್ಲ. ಕೈ ತೊಳೆಯಲು ಎದ್ದೊಡನೆ ಟೇಬಲ್ ಖಾಲಿಯಾಗಬೇಕು, ಮೊದಲು ಒದ್ದೆ ಬಟ್ಟೆ, ಮೇಲೆ ಒಣ ಬಟ್ಟೆ. ನಾವು ನಾಲ್ಕೇ ಜನ, ಅದರಲ್ಲಿ ಅಪ್ಪ ವಾರದ ರಜೆಯ ದಿನ ಮಾತ್ರ ಊಟಕ್ಕೆ ಸಿಗುವವರು. ಆದರೂ ಅವರು ಕೂತಲ್ಲೇ ಚಡಪಡಿಸಿ ನಮ್ಮ ತಟ್ಟೆಗಳನ್ನು ನೋಡುತ್ತಿದ್ದರು.

"ಬೇಗ ಮುಗಿಸಿ. ಮಾತಾಡ್ತಾ ಕೂತ್ರೆ ಗಿರಾಕಿ ಕಾಯ್ತ್ರ್."

"ಕೌನ್ ವೇಟಿಂಗ್ ಮೇ ಹೈ ಪಪ್ಪಾ? ಬಾಹರ್ ಲೈನ್ ಲಗೀ ಹೈ ಕ್ಯಾ?" ಎಂದು ಪಲ್ಲವಿ ಬಾಗಿಲು ತೆಗೆದು ಹೊರಗಿನ ಸಾಲನ್ನು ಇಣುಕಿ ನೋಡುವ ನಾಟಕ ಮಾಡುತ್ತಿದ್ದಳು. ಅಪ್ಪ ನಗುತ್ತಿದ್ದರು. ನಕ್ಕು, ಅವಳ ತಟ್ಟೆ ಎತ್ತುತ್ತಿದ್ದರು.

ಅಮ್ಮನ ಅವಸರಕ್ಕೆ ಬೇರೆಯೇ ಕಾರಣವಿತ್ತು. ಎಂಜಲು ಕೈ ಒಣಗಬಾರದು. ಉಂಡ ಕೈ ಒಣಗಲು ಬಿಟ್ಟರೆ ಆ ಮನೆಯ ಅನ್ನ ಒಣಗುತ್ತದೆಂದು ಅವಳ ಅಜ್ಜಿ ಹೇಳಿದ್ದರಂತೆ, ಆ ಅಜ್ಜಿಗೆ ಇನ್ನೊಬ್ಬ ಅಜ್ಜಿ. ಹೀಗೆ ಅಪ್ಪನ ವ್ಯಾಪಾರವೂ ಅಮ್ಮನ ನಂಬಿಕೆಯೂ ಎರಡು ದಿಕ್ಕಿನಿಂದ ಹೊರಟು ಒಂದೇ ಸ್ಟೇಷನ್ನಿನಲ್ಲಿ ಬಂದು ನಿಂತಿದ್ದವು: ಉಂಡ ಮೇಲೆ ಏಳಬೇಕು. ಬೇರೆಯವರ ಮನೆಗಳಲ್ಲಿ ಊಟದ ಹೊತ್ತಿಗೆ ಕಥೆಗಳು ಹುಟ್ಟುತ್ತವೆಂದು ನಾನು ಓದಿ ತಿಳಿದುಕೊಂಡೆ. ನಮ್ಮಲ್ಲಿ ಅಪ್ಪ ಅಮ್ಮ ಹೇಗೆ ಮದುವೆಯಾದರು, ಅಪ್ಪ ಮೊದಲ ಸಲ ಈ ಊರಿಗೆ ಬಂದಾಗ ಎಲ್ಲಿ ಮಲಗಿದರು ಎಂಬುದೆಲ್ಲ ಜಗಳದ ನಡುವೆ ಚೂರುಚೂರಾಗಿ ಹೊರಬೀಳುತ್ತಿತ್ತು. ನಾನು ಹೆಕ್ಕಿಕೊಳ್ಳುತ್ತಿದ್ದೆ. ಮುಂದೆ ನನ್ನ ಸಂಶೋಧನೆಯ ವಿಷಯ, ಊರು ಬಿಟ್ಟುಹೋಗಿ ದೂರದೇಶದಲ್ಲಿ ಊಟದ ಮನೆಗಳನ್ನಿಟ್ಟ ಸ್ಪೇನಿನವರ ಬಾಯಿಮಾತಿನ ಕಥನಗಳು ಎಂದಾದಾಗ ಸಹೋದ್ಯೋಗಿಗಳು ಬಹಳ ವಿಶಿಷ್ಟ ಆಯ್ಕೆ ಎಂದು ಹೊಗಳಿದರು. ವಿಶಿಷ್ಟ ಏನೂ ಇಲ್ಲ. ಮನೆಯಲ್ಲಿ ಸಿಗದ ತಿಂಡಿಯನ್ನು ಹೊರಗೆ ಹುಡುಕಿಕೊಂಡು ಹೋಗುವುದು ಹಾಸ್ಟೆಲ್ ಹುಡುಗರೂ ಮಾಡುತ್ತಾರೆ.

ಸ್ಪ್ಯಾನಿಷ್ ನಮ್ಮ ಮನೆಗೆ ಬಂದದ್ದೂ ಹೋಟೆಲಿನ ದಾರಿಯಿಂದಲೇ. ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ಮುನ್ನ ಹೋಟೆಲಿಗೆ ಒಂದು ಸತ್ತ ಹೊತ್ತು ಇರುತ್ತದೆ. ಆ ಹೊತ್ತಿನಲ್ಲಿ ಒಬ್ಬ ನಿವೃತ್ತ ಮರಾಠಿ ಗೃಹಸ್ಥರು ದಿನಾ ಬಂದು ಒಂದು ಕಾಫಿಗೆ ಒಂದು ಗಂಟೆ ಕೂರುತ್ತಿದ್ದರು. ದಾಮ್ಲೆ ಸರ್. ಹಡಗುಗಳಲ್ಲಿ ರೇಡಿಯೋ ಆಫೀಸರ್ ಆಗಿದ್ದವರು, ದಕ್ಷಿಣ ಅಮೆರಿಕದ ಬಂದರುಗಳನ್ನೆಲ್ಲ ಸುತ್ತಿ ಬಂದವರು. ಪತ್ನಿ ಹೋದ ಮೇಲೆ ಮನೆಯ ಮೌನ ತಡೆಯಲಾರದೆ ಸ್ಪ್ಯಾನಿಷ್ ಕ್ಲಾಸ್ ಮಾಡಬೇಕೆಂದಿದ್ದರು, ಜಾಗವಿರಲಿಲ್ಲ. ಅಪ್ಪ ಮಾಲೀಕರನ್ನು ಒಪ್ಪಿಸಿ ಆ ಸತ್ತ ಹೊತ್ತಿಗೆ ಫ್ಯಾಮಿಲಿ ರೂಮ್ ಬಿಟ್ಟುಕೊಟ್ಟರು. ಕ್ಲಾಸಿಗೆ ಬರುವವರೆಲ್ಲ ಒಂದೊಂದು ಕಾಫಿಯಾದರೂ ಕುಡಿಯಬೇಕು ಎಂಬುದು ಒಪ್ಪಂದ. ಹುಡುಗರು ಸಾಲದೆ ಬಂದಾಗ ಬೆಂಚು ತುಂಬಿಸಲು ನನ್ನನ್ನು ಕೂರಿಸಿದರು. ಕಾಲೇಜಿನಲ್ಲಿ ಬಿ.ಕಾಂ. ಓದುತ್ತ, ಮಧ್ಯಾಹ್ನ ಬಂದು ಮೂಲೆಯ ಟೇಬಲ್ಲಿನಲ್ಲಿ ಕೂತು, ಸಾಂಬಾರಿನ ವಾಸನೆಯಲ್ಲಿ ನಾನು ಒಂದು ಭಾಷೆ ಕಲಿತೆ.

"ಅಗ ಮುಲೀ, ಹೆದರ್ತಿಯಾ ಯಾಕೆ? ತಪ್ಪು ಬೋಲ್, ಜೋರ್ ಸೇ ಬೋಲ್!" ಎನ್ನುತ್ತಿದ್ದರು ದಾಮ್ಲೆ ಸರ್. ಉಡುಪಿ ಹೋಟೆಲುಗಳಲ್ಲಿ ಆಯುಷ್ಯ ಕಳೆದು ಅವರಿಗೆ ಒಂದಿಷ್ಟು ಕನ್ನಡ ಅಂಟಿತ್ತು. "ಬಂದರಿನಲ್ಲಿ ಯಾರೂ ವ್ಯಾಕರಣ ಕೇಳೋದಿಲ್ಲ. ಸಾಮಾನು ಇಳಿಸ್ತಾರೆ, ಅಷ್ಟೇ, ಬಸ್."

ನಾನು ತಪ್ಪನ್ನೂ ಮೆಲ್ಲಗೆ ಹೇಳುವ ಹುಡುಗಿ. ಆದರೂ ಸಾಮಾನು ಇಳಿಯಿತು. ಪರೀಕ್ಷೆಗಳನ್ನು ಒಂದೊಂದಾಗಿ ಪಾಸು ಮಾಡಿದೆ, ಐರೋಲಿಯಲ್ಲಿ ಕೆಲಸ ಸಿಕ್ಕಿತು, ಕೆಲಸ ಮಾಡುತ್ತಲೇ ಎಂ.ಎ. ಸೇರಿದೆ. ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಕಂಪನಿಯ ಕ್ಯಾಬಿನಿಂದ ಇಳಿಯುವಾಗ ಕಟ್ಟಡದ ಹೆಂಗಸರು ಹಾಲಿನ ಪಾತ್ರೆ ಹಿಡಿದು ನನ್ನನ್ನೇ ನೋಡುತ್ತಿದ್ದರು. ಅಪ್ಪನಿಗೆ ಆ ಕೆಲಸ ಇಷ್ಟವಾಗಿತ್ತು. ಅವರ ಲೆಕ್ಕದಲ್ಲಿ ಗಿರಾಕಿಯ ದೂರು ಕೇಳುವುದಕ್ಕಿಂತ ಗೌರವದ ಉದ್ಯೋಗ ಬೇರೆ ಇರಲಿಲ್ಲ. ರೊಸಾರಿಯೊ ಮೇಡಂ ತರಗತಿಗೆ ಬಂದ ಮೊದಲ ದಿನ ನನ್ನ ಬಾಯಿಂದ ಹೊರಟ ಹಡಗಿನ ಸ್ಪ್ಯಾನಿಷ್ ಕೇಳಿ, ಈ ಮಾತು ನಿನಗೆ ಯಾವ ಬಂದರಿನಲ್ಲಿ ಸಿಕ್ಕಿತು ಎಂದು ಗಟ್ಟಿಯಾಗಿ ನಕ್ಕರು. ವರ್ತಕ ನಗರ ಎಂದೆ. ಅಂದಿನಿಂದ ಅವರು ನನ್ನನ್ನು ಗಮನಿಸತೊಡಗಿದರು. ಊಟಕ್ಕೆ ಕರೆದಾಗ ಒಂದೇ ಮಾತಿಗೆ ಒಪ್ಪಿದರು. ಒಬ್ಬಳೇ ಬರುತ್ತೇನೆ, ಮಗುವಿನ ಹಾಗೆ ಕರೆದುಕೊಂಡು ಹೋಗಬೇಡ ಎಂದರು. ನನ್ನ ವಾರದ ನಿದ್ದೆ ಅಲ್ಲಿಗೆ ಮುಗಿಯಿತು.

ಭಾನುವಾರ ನಾನು ಸ್ಟೇಷನ್ನಿನ ಸೇತುವೆಯ ಮೇಲೆ ಬೇಕಾದ್ದಕ್ಕಿಂತ ಬಹಳ ಮುಂಚೆ ಹೋಗಿ ನಿಂತೆ. ಅವರು ಹೇಳಿದ ಗಾಡಿಯಲ್ಲೇ ಬಂದರು. ಮಹಿಳೆಯರ ಡಬ್ಬಿಯಿಂದ ಇಳಿಯುವಾಗ ಅವರ ಕೈಯಲ್ಲಿ ಯಾರೋ ಕೊಟ್ಟ ಮಲ್ಲಿಗೆಯ ತುಂಡೊಂದು ಇತ್ತು, ಅದನ್ನು ಎಲ್ಲಿಡುವುದೆಂದು ತಿಳಿಯದೆ ಕನ್ನಡಕಕ್ಕೆ ಸಿಕ್ಕಿಸಿಕೊಂಡಿದ್ದರು. ಕರೆಂಟು ಇತ್ತು. ಗಾಳಿ ನಮ್ಮ ಪರವಾಗಿತ್ತು. ಮೂರು ಮಹಡಿ ಹತ್ತಿ ಬಂದು, ಬಾಗಿಲಲ್ಲಿ ನಮ್ಮ ಚಪ್ಪಲಿಗಳನ್ನು ನೋಡಿ ತಮ್ಮದನ್ನೂ ಸಾಲಿನಲ್ಲಿ ಬಿಟ್ಟರು. ಅಮ್ಮ ಅದನ್ನು ನೋಡಿದಳು. ಅರ್ಧ ದಿನದ ರಜೆ ಹಾಕಿ, ಡ್ಯೂಟಿಯ ಬಿಳಿ ಅಂಗಿಯನ್ನೇ ತೊಟ್ಟು ನಿಂತಿದ್ದ ಅಪ್ಪ, "ಆಯಿಯೇ ಮೇಡಂ, ಬೈಠಿಯೇ, ಪಂಖಾ ಕೇ ನೀಚೇ" ಎಂದು ಫ್ಯಾನಿನ ಕೆಳಗಿನ ಒಳ್ಳೆಯ ಟೇಬಲ್ ತೋರಿಸುವಂತೆ ಇದ್ದ ಒಂದೇ ಟೇಬಲ್ಲನ್ನು ತೋರಿಸಿ ನೀರಿಟ್ಟರು. ಪಲ್ಲವಿ ನನ್ನ ಕಿವಿಯಲ್ಲಿ ಉಸುರಿದಳು:

"ದೀದೀ, ತೂ ಸಾಂಸ್ ತೋ ಲೇ. ನೀಲೀ ಪಡ್ ರಹೀ ಹೈ."

ಉಸಿರಾಡಲು ಪುರುಸೊತ್ತು ಎಲ್ಲಿತ್ತು? ಅಮ್ಮ ಒಂದು ಬಾಳೆಲೆ ಹಾಕಿದಳು. ನಮ್ಮಲ್ಲಿ ಅತಿಥಿ ಮೊದಲು ಉಣ್ಣುತ್ತಾರೆ, ಮನೆಯವರು ಆಮೇಲೆ. ಮೇಡಂ ಒಪ್ಪಲಿಲ್ಲ. ಒಬ್ಬಳನ್ನೇ ಕೂರಿಸಿ ನೀವೆಲ್ಲ ಸುತ್ತ ನಿಂತರೆ ನನಗೆ ಅನ್ನ ಇಳಿಯುವುದಿಲ್ಲ ಎಂದರು. ಹಾಗಾಗಿ ಪಕ್ಕದಲ್ಲಿ ನನಗೂ ಎಲೆ ಬಿತ್ತು. ಕುಚಲಕ್ಕಿ ಅನ್ನ, ಬಂಗುಡೆಯ ಸಾರು, ಬಸಳೆ, ಎಣ್ಣೆಯಲ್ಲಿ ಕಾಯಿಸಿದ ಇಡೀ ಇಡೀ ಕಾಣೆ ಮೀನು. ಅಪ್ಪ ವಾರವಿಡೀ ಸಸ್ಯಾಹಾರಿಗಳ ನಡುವೆ ಬದುಕಿ ರಜೆಯ ದಿನ ಮನೆಯಲ್ಲಿ ಮೀನಿನ ಲೆಕ್ಕ ಚುಕ್ತಾ ಮಾಡುವವರು, ಆದ್ದರಿಂದ ಮೀನಿನ ವಿಷಯದಲ್ಲಿ ನಮ್ಮಲ್ಲಿ ತಪ್ಪು ನಡೆಯುವುದಿಲ್ಲ. ಅಮ್ಮ ಅಡುಗೆಮನೆಯ ಬಾಗಿಲುವಾಡಕ್ಕೆ ಒರಗಿ ನಿಂತಳು, ಪರೀಕ್ಷಾ ಕೊಠಡಿಯಲ್ಲಿ ನಿಲ್ಲುವ ಮೇಲ್ವಿಚಾರಕರ ಹಾಗೆ. ಮೇಡಂ ನನ್ನನ್ನು ಪರೀಕ್ಷಿಸಲು ಬಂದಿದ್ದಾರೆಂದು ನಾನು ಅಂದುಕೊಂಡಿದ್ದೆ. ಪರೀಕ್ಷೆಗೆ ಕೂತವರು ಅವರು.

ಪ್ರಶ್ನೆಗಳು ಬಾಗಿಲಿನಿಂದ ಬರುತ್ತಿದ್ದವು. ನಾನು ಇತ್ತ ತಿರುಗಿ ಕನ್ನಡ, ಅತ್ತ ತಿರುಗಿ ಸ್ಪ್ಯಾನಿಷ್, ನಡುವೆ ಅಪ್ಪನಿಗೆ ಹಿಂದಿಯೂ ಅಲ್ಲದ ಕನ್ನಡವೂ ಅಲ್ಲದ ಒಂದು ಸಾರಾಂಶ.

"ಮದಿ ಆಯ್ತಾ ಕೇಣ್ ಇವ್ರಿಗೆ."

ಕೇಳಿದೆ. ಆಗಿತ್ತು, ಅವನು ಒಳ್ಳೆಯವನೇ, ಆದರೆ ಒಂದೇ ಮನೆಯಲ್ಲಿ ಇಬ್ಬರು ಪ್ರಾಧ್ಯಾಪಕರಿದ್ದರೆ ಕೇಳುವವರು ಯಾರೂ ಇರುವುದಿಲ್ಲ, ಹಾಗಾಗಿ ಬಿಟ್ಟೆವು, ಈಗಲೂ ಹಬ್ಬಕ್ಕೆ ಅವನೇ ಬಂದು ಅಡುಗೆ ಮಾಡುತ್ತಾನೆ ಎಂದು ಮೇಡಂ ವಿಸ್ತಾರವಾಗಿ ಹೇಳಿದರು.

"ಆಗಿದೆಯಂತೆ," ಎಂದೆ.

"ಅವ್ರ್ ಅಷ್ಟುದ್ದ ಹೇಳ್ದ್ರ್, ನೀ ಇಷ್ಟೇ ಹೇಳ್ತ್ಯಲೆ?"

"ಸ್ಪ್ಯಾನಿಷ್ ಉದ್ದ ಭಾಷೆ ಅಮ್ಮ."

ಅಷ್ಟರಲ್ಲಿ ಮೇಡಂ ಕಾಣೆಯ ತಲೆಯನ್ನು ಮುರಿದು ಬಾಯಿಗಿಟ್ಟುಕೊಂಡರು. ನಾಜೂಕಿನಿಂದ ಬದಿಗೆ ಸರಿಸುತ್ತಾರೆಂದು ನಾವೆಲ್ಲ ಕಾದಿದ್ದೆವು. ಅವರು ಕಣ್ಣು ಮುಚ್ಚಿ ಅದನ್ನು ಚೀಪಿದರು, ಸದ್ದು ಮಾಡಿ ಚೀಪಿದರು. ತಮ್ಮೂರಿನಲ್ಲಿ ಮೀನಿನ ತಲೆ ಬಿಟ್ಟು ಎದ್ದರೆ ಅಜ್ಜಿ ಕಿವಿ ಹಿಂಡುತ್ತಿದ್ದರೆಂದು ಹೇಳಿದರು. ಇದನ್ನು ನಾನು ಪೂರ್ತಿಯಾಗಿ ಅನುವಾದ ಮಾಡಿದೆ. ಅಮ್ಮ ಒಳಗೆ ಹೋಗಿ ಇನ್ನೊಂದು ಮೀನು ತಂದು ಹಾಕಿದಳು.

ಊಟ ಮುಗಿಯಿತು, ಅಂದರೆ ಅವರ ಎಲೆ ಖಾಲಿಯಾಯಿತು. ಮೇಡಂ ಏಳಲಿಲ್ಲ. ಅವರ ದೇಶದಲ್ಲಿ ಉಂಡ ಮೇಲೆ ಅಲ್ಲೇ ಕೂತು ಹರಟುವುದು ಊಟದ ಎರಡನೆಯ ಭಾಗ, ಅದಕ್ಕೆ ಬೇರೆಯೇ ಒಂದು ಹೆಸರೂ ಇದೆ. ನಾನದನ್ನು ಪುಸ್ತಕದಲ್ಲಿ ಓದಿದ್ದೆ, ಕಂಡಿರಲಿಲ್ಲ. ಈಗ ನಮ್ಮ ಅಮೃತಶಿಲೆಯ ಟೇಬಲ್ಲಿಗೆ ಎಡಗೈ ಊರಿ, ಉಂಡ ಬಲಗೈಯನ್ನು ಗಾಳಿಯಲ್ಲಿ ಆಡಿಸುತ್ತ ಅವರು ಕಥೆ ಶುರು ಮಾಡಿದರು. ಅವರ ಅಪ್ಪ ಹರೆಯದಲ್ಲಿ ಊರು ಬಿಟ್ಟು ಹಡಗು ಹತ್ತಿ ಬ್ಯೂನಸ್ ಐರಿಸ್‌ಗೆ ಹೋಗಿ ಒಂದು ಊಟದ ಮನೆ ಇಟ್ಟಿದ್ದನಂತೆ. ಅವರ ಊರಿನವರೆಲ್ಲ ಹಾಗೆಯೇ, ಒಬ್ಬ ಹೋಗಿ ಅಳಿಯನನ್ನು ಕರೆಸಿಕೊಂಡ, ಅಳಿಯ ತಮ್ಮನನ್ನು ಕರೆಸಿಕೊಂಡ. ಬಟ್ಟೆ ಹಿಡಿದು ಟೇಬಲ್ಲಿನ ತಲೆಯಲ್ಲಿ ನಿಂತಿದ್ದ ಅಪ್ಪ ಇದನ್ನು ನನ್ನ ಬಾಯಿಂದ ಕೇಳಿ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡರು. ಒಂದೇ ಒಂದು ಪ್ರಶ್ನೆ ಕೇಳಿದರು:

"ಎಷ್ಟ್ ಟೇಬಲ್?"

ಮೇಡಂಗೆ ನೆನಪಿರಲಿಲ್ಲ, ಚಿಕ್ಕವರಿದ್ದಾಗಲೇ ಅವರು ಸ್ಪೇನಿಗೆ ಮರಳಿದ್ದರು. ಅಡುಗೆಮನೆಯ ಹತ್ತಿರ ಮೂಲೆಯಲ್ಲಿ ಒಂದು ಟೇಬಲ್ ಇತ್ತು, ಅಲ್ಲಿ ಕೂತು ಶಾಲೆಯ ಪಾಠ ಬರೆಯುತ್ತಿದ್ದೆ, ಅದೊಂದೇ ನೆನಪು ಎಂದರು.

"ಹಾಂ, ಮೂಲೆ ಟೇಬಲ್," ಎಂದು ಅಪ್ಪ ತಲೆಯಾಡಿಸಿದರು. "ಅಲ್ಲಿ ಗಿರಾಕಿ ಕೂರುದಿಲ್ಲೆ. ಹೊಗೆ ಬತ್ತ್. ಮಕ್ಳಿಗೇ ಸೈ ಅದ್."

ಅನುವಾದ ಕೇಳಿ ಮೇಡಂ ನನ್ನನ್ನು ಒಂದು ಕ್ಷಣ ಹೆಚ್ಚು ನೋಡಿದರು. ನನಗೆ ಆ ನೋಟದ ಬಗ್ಗೆ ಚಿಂತಿಸಲೂ ಸಮಯವಿರಲಿಲ್ಲ, ಏಕೆಂದರೆ ಬಾಗಿಲುವಾಡದಿಂದ ಒಂದು ಬಿಸಿಯುಸಿರು ಬಂತು.

"ಹೆಣೆ, ಅವ್ರ್ ಕೈ ಒಣಗ್ತಾ ಇತ್ತ್."

"ಸುಮ್ನಿರ್ ಅಮ್ಮ."

"ಎಂತ ಸುಮ್ನಿರ್? ನಮ್ಮನಿ ಅನ್ನ ಅದ್. ಕೈ ತೊಳ್ಕಂಡ್ ಆಮೇಲ್ ಎಷ್ಟ್ ಬೇಕಾರೂ ಮಾತಾಡ್ಲಿ. ಹೇಳ್ ಅವ್ರಿಗೆ."

ಅಮ್ಮ ಏನು ಹೇಳುತ್ತಿದ್ದಾರೆ ಎಂದು ಮೇಡಂ ಕೇಳಿದರು. ಇನ್ನೊಂದು ಮೀನು ಬೇಕಾ ಎನ್ನುತ್ತಿದ್ದಾರೆ ಎಂದೆ. ಸಾಕು ಸಾಕು ಎಂದು ಆ ಒಣಗುತ್ತಿದ್ದ ಕೈಯನ್ನೇ ಎದೆಗಿಟ್ಟುಕೊಂಡು ಅಮ್ಮನಿಗೆ ನಮಸ್ಕರಿಸಿ ಅವರು ಕಥೆ ಮುಂದುವರಿಸಿದರು. ಬೆರಳುಗಳ ಮೇಲೆ ಸಾರು ಕೆಂಪಗೆ ಹಕ್ಕಳೆ ಕಟ್ಟತೊಡಗಿತ್ತು. ಒಂದು ಅಗುಳು ಹೆಬ್ಬೆರಳಿಗೆ ಅಂಟಿ ಗಟ್ಟಿಯಾಗಿತ್ತು. ಅಮ್ಮನ ಕಣ್ಣು ಆ ಅಗುಳಿನ ಮೇಲೆ, ಅಪ್ಪನ ಕಣ್ಣು ಖಾಲಿ ಎಲೆಯ ಮೇಲೆ, ನನ್ನ ಕಣ್ಣು ಮೇಡಂ ಮುಖದ ಮೇಲೆ. ಆ ಮುಖ ಈಗ ಸ್ವಲ್ಪ ಗಂಭೀರವಾಯಿತು. ಅವರು ನನ್ನ ಕಡೆಗೆ ಬಾಗಿ, ನಿನಗೆ ಒಂದು ಮಾತು ನೇರವಾಗಿ ಹೇಳಬೇಕು ಎಂದರು.

"ನನ್ನ ಮುಂದೆ ಇನ್ನೊಂದು ಹೆಸರಿದೆ. ಪುಣೆಯ ಹುಡುಗ. ಅವನ ಸ್ಪ್ಯಾನಿಷ್ ನಿನ್ನದಕ್ಕಿಂತ ಚೆನ್ನಾಗಿದೆ. ಆದರೆ..."

ಆದರೆ ಎಂಬಲ್ಲಿಗೆ ಅಮ್ಮನ ತಾಳ್ಮೆ ಮುಗಿಯಿತು. ಒಂದು ಕೈಯಲ್ಲಿ ತಂಬಿಗೆ, ಇನ್ನೊಂದರಲ್ಲಿ ಸ್ಟೀಲಿನ ಬೋಗುಣಿ ಹಿಡಿದು ನಡೆದು ಬಂದವಳೇ, ಬೋಗುಣಿಯನ್ನು ಟೇಬಲ್ಲಿನ ಮೇಲಿಟ್ಟು, ಸ್ಪೇನ್ ದೇಶದ ಪ್ರಾಧ್ಯಾಪಕಿಯ ಮಣಿಕಟ್ಟು ಹಿಡಿದು ಅದರ ಮೇಲೆ ತಂದು ನೀರು ಹೊಯ್ದಳು. ಬರೇ ಹೊಯ್ಯಲಿಲ್ಲ, ಒಂದೊಂದೇ ಬೆರಳನ್ನು ಉಜ್ಜಿ ತೊಳೆದಳು. ಉಗುರಿನ ಸಂದಿಯ ಅರಿಶಿನ ಬಿಡದಾಗ ತನ್ನ ಹೆಬ್ಬೆರಳಿನಿಂದ ತಿಕ್ಕಿದಳು. ಮೇಡಂ ಬಾಯಿ ಅರ್ಧ ತೆರೆದಿತ್ತು. ನನ್ನದು ಪೂರ್ತಿ. ಆ ನೀರಿನ ಜೊತೆ ನನ್ನ ಸಂಶೋಧನೆ, ನನ್ನ ವಿಮಾನ, ನನ್ನ ಮುಂದಿನ ಬದುಕೆಲ್ಲ ಬೋಗುಣಿಗೆ ಇಳಿದದ್ದನ್ನು ನಾನು ಕಣ್ಣಾರೆ ಕಂಡೆ. ಕೈ ತೊಳೆದಾಯಿತು ಎಂದರೆ ಟೇಬಲ್ ಖಾಲಿ ಎಂದರ್ಥ. ಅಪ್ಪನ ದೇಹಕ್ಕೆ ಬೇರೆ ಅರ್ಥ ಗೊತ್ತೇ ಇರಲಿಲ್ಲ. ಎರಡೂ ಎಲೆಗಳನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮಡಚಿ ಒಯ್ದರು; ಒದ್ದೆ ಬಟ್ಟೆ, ಒಣ ಬಟ್ಟೆ, ಎರಡೇ ಎಳೆತಕ್ಕೆ ಅಮೃತಶಿಲೆ ಮಿಂಚಿತು. ಮೇಡಂ ಮೊಣಕೈ ಎತ್ತಿ ಬಟ್ಟೆಗೆ ದಾರಿ ಬಿಟ್ಟರು, ಬಹಳ ವರ್ಷಗಳ ರೂಢಿ ಇರುವವರ ಹಾಗೆ. ಆಮೇಲೆ ಅವರಿಗೆ ನಗು ಬಂತು. ತಡೆಯಲಾಗದ, ಕಣ್ಣಲ್ಲಿ ನೀರು ತರಿಸುವ ನಗು. ನನ್ನಪ್ಪನೂ ಹೀಗೆಯೇ, ಮಂತ್ರಿ ಕೂತಿದ್ದರೂ ಮೊಣಕೈ ಎತ್ತಿಸಿ ಒರೆಸಿಬಿಡುತ್ತಿದ್ದ ಎಂದರು. ಅಮ್ಮನ ಸೆರಗಿನಲ್ಲೇ ಕೈ ಒರೆಸಿಕೊಂಡರು. ನನ್ನ ಕಡೆ ತಿರುಗಿ, ಸೆಪ್ಟೆಂಬರಿಗೆ ಬರಲಾಗುತ್ತದೆಯೇ, ಅಮ್ಮನನ್ನು ಕೇಳು ಎಂದರು.

ಆದರೆ ಎಂಬುದರ ಮುಂದೆ ಏನಿತ್ತೆಂದು ನಾನು ಇವತ್ತಿನವರೆಗೂ ಅವರನ್ನು ಕೇಳಿಲ್ಲ. ಖಾರಘರದ ಕಾಲೇಜಿನಲ್ಲಿ ಪಾಠ ಮುಗಿಸಿ, ಹಾರ್ಬರ್ ಲೈನಿನ ಕಿಟಕಿಗೆ ತಲೆ ಆನಿಸಿಕೊಂಡು, ಆ ವಾಕ್ಯವನ್ನು ಬೇರೆ ಬೇರೆ ರೀತಿಯಲ್ಲಿ ಪೂರ್ತಿ ಮಾಡುತ್ತಿರುತ್ತೇನೆ. ನಮ್ಮ ವಿಭಾಗದಲ್ಲಿ ನಾನೊಬ್ಬಳು, ಜೊತೆಗೆ ಗಂಟೆಯ ಲೆಕ್ಕದಲ್ಲಿ ಬರುವ ಅರ್ಧ ಸಹೋದ್ಯೋಗಿ. ಹುಡುಗರು ಫುಟ್‌ಬಾಲಿಗಾಗಿ ಸ್ಪ್ಯಾನಿಷ್ ಸೇರುತ್ತಾರೆ, ಕ್ರಿಯಾಪದಗಳು ಬಂದೊಡನೆ ಬಿಡುತ್ತಾರೆ. ನಾನು ಪ್ರತಿ ವರ್ಷ ಅದೇ ಮೊದಲ ಪಾಠದಿಂದ ಶುರು ಮಾಡುತ್ತೇನೆ. ಪುಣೆಯ ಆ ಹುಡುಗ ಹೋಗಿದ್ದರೆ ಇನ್ನೂ ಒಳ್ಳೆಯ ಪ್ರಬಂಧ ಬರೆಯುತ್ತಿದ್ದ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಅವನು ಈಗ ಎಲ್ಲಿದ್ದಾನೋ ಎಂದು ಚಿಂತಿಸುವುದೂ ನನ್ನ ದಿನಚರಿಯಲ್ಲಿ ಸೇರಿದೆ.

ಅಂದು ಅಮ್ಮ ಮೇಡಂ ಎದುರಿಗೆ ಉತ್ತರ ಕೊಡಲಿಲ್ಲ. "ಕಾಂಬ," ಎಂದಳು, ನೋಡೋಣ ಎಂದು. ನಾನು ಮೇಡಂ ಅನ್ನು ಸ್ಟೇಷನ್ನಿಗೆ ಬಿಟ್ಟು, ಅವರು ಕಿಟಕಿಯ ಸೀಟಿನಲ್ಲಿ ಕೂತದ್ದನ್ನು ಖಾತ್ರಿ ಮಾಡಿಕೊಂಡು, ಗಾಡಿ ಹೋದ ಮೇಲೂ ಸ್ವಲ್ಪ ಹೊತ್ತು ನಿಂತು, ತಿರುಗಿ ಬಂದೆ. ಅಪ್ಪ ಸಂಜೆಯ ಡ್ಯೂಟಿಗೆ ಹೋಗಿಯಾಗಿತ್ತು. ಪಲ್ಲವಿ ಟೇಬಲ್ಲಿನ ಕೆಳಗೆ ಚಾಪೆ ಹಾಸಿ ನಿದ್ದೆ ಹೋಗಿದ್ದಳು. ಅಮ್ಮ ಪಾತ್ರೆಗಳನ್ನೆಲ್ಲ ತೊಳೆದು ಬೋರಲು ಹಾಕಿ, ನೆಲ ಒರೆಸಿ, ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ನಾನು ಎದುರು ಕೂತೆ. ಅವಳೇ ಶುರು ಮಾಡಿದಳು.

"ನಿನ್ನಪ್ಪ ಎಲೆ ಮಡ್ಚುಕ್ ಮುಂಚೆ ನಾ ಕಂಡೆ. ಅವ್ರ್ ಬಿಟ್ಟ ಮುಳ್ಳ್ ಬಾಚಣಿಗಿ ತರ ಇದ್ದಿತ್. ಒಂದ್ ಚೂರ್ ಮೀನ್ ಅಂಟ್ಕಂಡಿರ್ಲಿಲ್ಲ."

"ಅದಕ್ಕೆ?"

"ಅದಕ್ಕೆಂತ? ಹಾಂಗ್ ಉಂಬವ್ರಿಗೆ ಅನ್ನದ್ ಬೆಲೆ ಗೊತ್ತಿತ್ತ್. ಅಂಥವ್ರ್ ಕಣ್ಣೆದ್ರಿಗ್ ನನ್ ಮಗಳ್ ಉಪವಾಸ ಬೀಳುದಿಲ್ಲೆ." ಸೆರಗಿನಲ್ಲಿ ಮೇಡಂ ಕೈ ಒರೆಸಿಕೊಂಡಿದ್ದ ಜಾಗದ ಹಳದಿ ಕಲೆಯನ್ನು ಬೆರಳಿನಿಂದ ಸವರಿ, "ಹೋಯ್ಬಾ," ಎಂದಳು.

ಹೀಗೆ ಎಲ್ಲವೂ ಆಯಿತು. ರೈಲು, ಕರೆಂಟು, ನೀರು, ಗಾಳಿ, ಮುಳ್ಳು, ಯಾವುದೂ ಕೈಕೊಡಲಿಲ್ಲ. ಅಮ್ಮ ಅಲ್ಲೇ ಒರಗಿಕೊಂಡು, ಬಹಳ ದಿನಗಳಿಂದ ಹಿಡಿದಿಟ್ಟಿದ್ದೇನನ್ನೋ ಬಿಟ್ಟವಳಂತೆ, ಕಣ್ಣು ಮುಚ್ಚಿದಳು. ಆಗ ನಾನೆದ್ದು ಅಡುಗೆಮನೆಗೆ ಹೋದೆ. ಅನ್ನದ ಪಾತ್ರೆ ತೊಳೆದಾಗಿತ್ತು, ಸಾರಿನ ಪಾತ್ರೆಯೂ. ನಾನು ಮೇಡಂ ಜೊತೆಯಲ್ಲೇ ಕೂತಿದ್ದೆನಲ್ಲ ಎಂದು ಉಳಿದವರು ಉಂಡು ಮುಗಿಸಿದ್ದರು. ಅಪ್ಪ ಮಡಚಿ ಒಯ್ದು ಕಸದ ಬುಟ್ಟಿಗೆ ಹಾಕಿದ್ದ ಎಲೆಗಳಲ್ಲಿ ಎರಡನೆಯದು ನನ್ನದು. ಅದರೊಳಗೆ ಅನ್ನ ಬಡಿಸಿದ ಹಾಗೇ ಇತ್ತು, ಮೀನು ಇಡಿಯಾಗಿತ್ತು. ಮೂರು ಭಾಷೆಗಳ ನಡುವೆ ಒಂದು ತುತ್ತಿಗೆ ಸಂದು ಸಿಕ್ಕಿರಲಿಲ್ಲ. ದೊಡ್ಡ ಔತಣಗಳಲ್ಲಿ ದುಭಾಷಿಗೆ ಮೊದಲೇ ಊಟ ಹಾಕಿ ಕೂರಿಸುತ್ತಾರೆಂಬುದು ನನಗೆ ಬಹಳ ಕಾಲದ ಮೇಲೆ, ಬೇರೆ ದೇಶದಲ್ಲಿ ತಿಳಿಯಿತು. ಬಾಗಿಲು ತೆಗೆದ ಸದ್ದಿನಿಂದಲೇ ಮಕ್ಕಳ ಹೊಟ್ಟೆ ತುಂಬಿದೆಯೋ ಇಲ್ಲವೋ ಹೇಳುತ್ತಿದ್ದ ಅಮ್ಮ ಅಂದು ಒಂದು ಮಾತು ಕೇಳಲಿಲ್ಲ, ನಾನೂ ಹೇಳಲಿಲ್ಲ. ಸ್ಟವ್ ಹಚ್ಚಿದರೆ ಅವಳು ಏಳುತ್ತಿದ್ದಳು. ಡಬ್ಬಿಯಲ್ಲಿ ಎರಡು ಖಾರಿ ಬಿಸ್ಕತ್ತು ಸಿಕ್ಕಿತು. ಮುರಿದರೆ ಸದ್ದಾಗುತ್ತದೆಂದು ನೀರಿನಲ್ಲಿ ಅದ್ದಿ, ಕಟ್ಟೆಯ ಬಳಿ ನಿಂತುಕೊಂಡೇ ತಿಂದೆ.